ಹುಳದ ಫೋಟೋಗೆ ಯಾವ ಫ್ಲ್ಯಾಶ್? ಮಲೆನಾಡಿನವರಿಗೊಂದು ಮಾರ್ಗದರ್ಶಿ

ಮೇ ಕೊನೆಗೆ ಎರಡು ಮಳೆ ಬಿದ್ದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿಂದ ಬರಲು ಶುರುವಾಗುತ್ತದೆ. ತೀರ್ಥಹಳ್ಳಿಯವರೊಬ್ಬರು, ಸಾಗರದವರೊಬ್ಬರು, ಶಿವಮೊಗ್ಗದ ಕಾಲೇಜು ಹುಡುಗರು ನಾಲ್ಕು ಜನ. “ಸಾರ್, ಮ್ಯಾಕ್ರೋ ಲೆನ್ಸ್ ತಗೊಂಡೆ, ತೋಟದೊಳಗೆ ಎಲ್ಲಾ ಕತ್ತಲೆ ಬರ್ತಿದೆ. ಯಾವ ಫ್ಲ್ಯಾಶ್ ತಗೊಳ್ಳಲಿ?” ಮ್ಯಾಕ್ರೋ ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ, ಒಟ್ಟಿಗೇ ಇಲ್ಲಿ ಬರೆದಿಡುತ್ತೇನೆ.

ಉತ್ತರವನ್ನು ಮೊದಲೇ ಹೇಳಿಬಿಡುವೆ. ದುಡ್ಡನ್ನು ಫ್ಲ್ಯಾಶಿಗೆ ಸುರಿಯಬೇಡಿ. ಸಾಧಾರಣದ್ದೊಂದು ಸಾಕು. ಹುಳದ ಫೋಟೋ ಕೆಡುವುದೂ ಚೆಂದವಾಗುವುದೂ ಹೆಚ್ಚಾಗಿ ಫ್ಲ್ಯಾಶಿನ ಮುಂದೆ ನೀವು ಕಟ್ಟುವ ಬಿಳಿ ಪರದೆಯಿಂದ. ಅದಕ್ಕೇ ಡಿಫ್ಯೂಸರ್ ಅನ್ನುವುದು. ಬೆಳಕನ್ನು ಹರಡಿ ಮೆದು ಮಾಡುವ ಮರೆ ಅದು. ಅಂಗಡಿಗೆ ಹೋಗುವ ಮುಂಚೆ ಇದನ್ನೊಂದು ತಲೆಯಲ್ಲಿಟ್ಟುಕೊಳ್ಳಿ.

ಫ್ಲ್ಯಾಶ್ ಯಾಕೆ ಬೇಕೇ ಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಹುಳವನ್ನು ಒಂದಕ್ಕೊಂದು ಅಳತೆಯಲ್ಲಿ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸಾರ್ ಮೇಲೆ ಹುಳ ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರದಿಂದ ತೆಗೆಯುವಾಗ ಫೋಕಸ್ ಆಗುವ ಪದರ ಮಿಲಿಮೀಟರ್ ಲೆಕ್ಕದಲ್ಲಿರುತ್ತದೆ. ಕಣ್ಣು ಚೂಪಾಗಿ ಬಂದರೆ ಕಾಲು ಮಸುಕು. ಅದಕ್ಕೆ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಎಫ್/8, ಎಫ್/11ಕ್ಕೆ ಕಿರಿದು ಮಾಡಬೇಕು. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಕಿರಿದು ಮಾಡಿದರೆ ಬೆಳಕು ಕಡಿಮೆ. ಅದರ ಮೇಲೆ, ಅಷ್ಟು ಹತ್ತಿರಕ್ಕೆ ಹೋದಾಗ ಲೆನ್ಸೇ ಬೆಳಕಿನ ಮುಕ್ಕಾಲು ಪಾಲು ತಿಂದುಹಾಕುತ್ತದೆ. ಫೋಟೋದವರ ಭಾಷೆಯಲ್ಲಿ ಎರಡು ಸ್ಟಾಪ್ ನಷ್ಟ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು. ಇನ್ನು ಜುಲೈ ತಿಂಗಳ ಅಡಿಕೆ ತೋಟದೊಳಗೆ, ಸೋಗೆಯ ಕೆಳಗೆ, ಮಧ್ಯಾಹ್ನ ಹನ್ನೆರಡಕ್ಕೂ ಎಷ್ಟು ಬೆಳಕಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

1. ಮೊದಲು ನಿಮ್ಮ ಕ್ಯಾಮೆರಾದ ತಲೆ ನೋಡಿ

ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ತಗಡಿನ ಜಾಗಕ್ಕೆ ಹಾಟ್ ಶೂ ಅನ್ನುತ್ತಾರೆ. ಅದರ ನಡುವೆ ಒಂದು ದೊಡ್ಡ ಲೋಹದ ಚುಕ್ಕಿ ಇದೆಯೇ ನೋಡಿ. ಕ್ಯಾನನ್ 1500ಡಿ, 3000ಡಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ. ಈ ಎರಡರಲ್ಲೂ ಆ ನಡುವಿನ ಚುಕ್ಕಿಯೇ ಇಲ್ಲ. ಹಾಗಾಗಿ ಒಂದೇ ಚುಕ್ಕಿಯ ಅಗ್ಗದ ಮ್ಯಾನುಯಲ್ ಫ್ಲ್ಯಾಶ್ (ಶಕ್ತಿಯನ್ನು ನಾವೇ ಕೈಯಲ್ಲಿ ಹೊಂದಿಸುವಂಥದ್ದು), ದೂರದ ಫ್ಲ್ಯಾಶನ್ನು ಮಿಂಚಿಸುವ ಅಗ್ಗದ ಟ್ರಿಗರ್ ಈ ಕ್ಯಾಮೆರಾಗಳ ಮೇಲೆ ಕೂತರೂ ಕೆಲಸ ಮಾಡುವುದಿಲ್ಲ. ಫ್ಲ್ಯಾಶ್ ಕೆಟ್ಟಿದೆ ಅಂತ ಅಂಗಡಿಗೂ ಮನೆಗೂ ಓಡಾಡುವುದಷ್ಟೇ ಉಳಿಯುತ್ತದೆ. ಇಂಥ ಕ್ಯಾಮೆರಾಗೆ ಕ್ಯಾನನ್ ಹೊಂದಾಣಿಕೆಯಿರುವ ಟಿಟಿಎಲ್ ಫ್ಲ್ಯಾಶನ್ನೇ ತರಬೇಕು. ಟಿಟಿಎಲ್ ಅಂದರೆ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾ ಲೆನ್ಸಿನ ಮೂಲಕವೇ ಅಳೆದು ಫ್ಲ್ಯಾಶಿಗೆ ಹೇಳುವ ವ್ಯವಸ್ಥೆ.

ಎರಡನೆಯದು ಸಿಂಕ್ ವೇಗ. ಫ್ಲ್ಯಾಶ್ ಜೊತೆ ನಿಮ್ಮ ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು, ಎಷ್ಟು ವೇಗದವರೆಗೆ ಹೊಂದಿಕೊಳ್ಳುತ್ತದೆ ಅನ್ನುವುದು ಇದು. ಹೆಚ್ಚಿನವುಗಳಲ್ಲಿ 1/160ರಿಂದ 1/250 ಸೆಕೆಂಡ್. ಮೀರಿದರೆ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. ಕ್ಯಾಮೆರಾ ಜೊತೆ ಬಂದ ಪುಸ್ತಕದಲ್ಲಿ ನಿಮ್ಮದರ ಸಂಖ್ಯೆ ಇರುತ್ತದೆ, ಬರೆದಿಟ್ಟುಕೊಳ್ಳಿ.

ಮೂರನೆಯದು ಲೆನ್ಸಿನ ತುದಿಗೂ ಹುಳಕ್ಕೂ ಇರುವ ದೂರ. 100 ಎಂ.ಎಂ. ಮ್ಯಾಕ್ರೋದಲ್ಲಿ ಅರ್ಧ ಗೇಣಿಗಿಂತ ತುಸು ಜಾಸ್ತಿ, 60 ಎಂ.ಎಂ.ನಲ್ಲಿ ಅದಕ್ಕೂ ಕಡಿಮೆ. ಮಾಮೂಲಿ ಜೂಮ್ ಲೆನ್ಸಿನ ಮುಂದೆ ರೇನಾಕ್ಸ್ ಡಿಸಿಆರ್-250 ಥರದ, ಲೆನ್ಸಿಗೆ ಕಚ್ಚಿ ಕೂತು ಹುಳವನ್ನು ದೊಡ್ಡದಾಗಿ ತೋರಿಸುವ ಗಾಜು ಹಾಕಿಕೊಂಡವರಿಗೂ ಹೆಚ್ಚುಕಡಿಮೆ ಅರ್ಧ ಗೇಣೇ. ನಿಮ್ಮ ಬೆಳಕಿನ ಪರದೆ ಈ ಜಾಗದ ಮೇಲೆ ಮಾಡಿನಂತೆ ಚಾಚಬೇಕು. ಅಳತೆ ಗೊತ್ತಿಲ್ಲದೆ ಡಿಫ್ಯೂಸರ್ ಕೊಂಡರೆ ಅದು ಹುಳದವರೆಗೆ ಚಾಚದೆ ಹಿಂದೆಯೇ ನಿಂತುಬಿಡುತ್ತದೆ.

ಮೊಬೈಲಿನವರಿಗೆ ಒಂದು ಮಾತು. ಮೊಬೈಲಿನಲ್ಲಿ ಫ್ಲ್ಯಾಶ್ ಅನ್ನುವುದು ನಿಜದಲ್ಲಿ ಒಂದು ಸಣ್ಣ ಟಾರ್ಚು. ಈ ಲೇಖನದ 4 ಮತ್ತು 5ನೇ ಹಂತ ನಿಮಗೂ ಉಪಯೋಗಕ್ಕೆ ಬರುತ್ತವೆ, ಉಳಿದದ್ದು ಬೇಡ.

2. ಯಾವ ಜಾತಿಯ ಬೆಳಕು?

ಮಾರುಕಟ್ಟೆಯಲ್ಲಿ ಸಿಗುವುದು ಐದು ಬಗೆ. ಲೆನ್ಸಿನ ಸುತ್ತ ಬಳೆಯಂತೆ ಕೂರುವ ಎಲ್‌ಇಡಿ ರಿಂಗ್ ಲೈಟ್ ಎಲ್ಲಕ್ಕಿಂತ ಅಗ್ಗ, ಮೊದಲು ಕಣ್ಣಿಗೆ ಬೀಳುವುದೂ ಅದೇ. ನಾನೂ ಅದನ್ನೇ ಮೊದಲು ತರಿಸಿ ದುಡ್ಡು ಕಳೆದುಕೊಂಡವನು. ಎಫ್/11ಕ್ಕೆ ಸಾಲುವಷ್ಟು ಬೆಳಕು ಅದರಲ್ಲಿಲ್ಲ. ಈಗ ರಾತ್ರಿ ಫೋಕಸ್ ಮಾಡಲಿಕ್ಕೆ ದೀಪವಾಗಿ ಬಳಸುತ್ತೇನೆ.

ನಿಜವಾದ ರಿಂಗ್ ಫ್ಲ್ಯಾಶಿಗೆ ಶಕ್ತಿಯೇನೋ ಇದೆ. ಆದರೆ ಬೆಳಕು ಎಲ್ಲಾ ಕಡೆಯಿಂದ ಸಮನಾಗಿ ಬಿದ್ದು ಹುಳ ಚಪ್ಪಟೆಯಾಗಿ ಕಾಣುತ್ತದೆ, ಹೊಳೆಯುವ ಬೆನ್ನಿನ ಮೇಲೆ ಬಿಳಿ ಉಂಗುರ ಮೂಡುತ್ತದೆ. ಹಲ್ಲಿನ ಡಾಕ್ಟರರಿಗೆ ಒಳ್ಳೆಯದು, ನಮಗಲ್ಲ.

ಟ್ವಿನ್ ಫ್ಲ್ಯಾಶ್ ಅಂದರೆ ಲೆನ್ಸಿನ ಎಡಬಲಕ್ಕೆ ಎರಡು ಪುಟ್ಟ ತಲೆಗಳು. ಕ್ಯಾನನ್‌ನ ಎಂಟಿ-26ಇಎಕ್ಸ್-ಆರ್‌ಟಿ, ನಿಕಾನ್‌ನ ಆರ್1ಸಿ1 ಹೆಸರಾದವು. ಗೋಡಾಕ್ಸ್‌ನ ಎಂಎಫ್12 ಜೋಡಿಯೂ ಇದೆ. ಕೆಲಸ ಚೆನ್ನಾಗಿ ಮಾಡುತ್ತವೆ, ನೆಲಕ್ಕಂಟಿದ ಹುಳಕ್ಕೂ ಬೆಳಕು ತಲುಪಿಸುತ್ತವೆ. ಆದರೆ ಬೆಲೆ ಜಾಸ್ತಿ, ಭಾರ ಲೆನ್ಸಿನ ಮೂತಿಯ ಮೇಲೆ ಬೀಳುತ್ತದೆ, ಪರದೆ ಕಟ್ಟದೆ ಬಳಸಿದರೆ ಜಿಗಿಯುವ ಜೇಡದ ಕಣ್ಣೊಂದರಲ್ಲಿ ಎರಡೆರಡು ಚುಕ್ಕಿ ಮಿನುಗುತ್ತವೆ. ಇವನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಕ್ಯಾಮೆರಾದಲ್ಲೇ ಇರುವ ಎದ್ದು ನಿಲ್ಲುವ ಫ್ಲ್ಯಾಶನ್ನು ಬೈಯುವವರು ಬಹಳ. ಪರದೆ ಇಲ್ಲದಿದ್ದರೆ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುವುದರಿಂದ ಬೈಗುಳಕ್ಕೆ ಅರ್ಥವಿದೆ. ಆದರೆ ಅದರ ಬೆಳಕನ್ನು ಕೊಳವೆಯಲ್ಲಿ ಮುಂದಕ್ಕೆ ಒಯ್ದು ಲೆನ್ಸಿನ ತುದಿಯಲ್ಲಿ ಬಿಳಿ ಹಾಳೆಯ ಮೂಲಕ ಬಿಟ್ಟರೆ ಇರುವೆಯ ಫೋಟೋಗೆ ಧಾರಾಳ ಸಾಕು. ಚಿಪ್ಸ್ ಬರುವ ಉದ್ದ ಡಬ್ಬಿಯ ಒಳಮೈ ಹೊಳೆಯುತ್ತದೆ, ಕೊಳವೆಗೆ ಹೇಳಿ ಮಾಡಿಸಿದಂತಿದೆ. ದುಡ್ಡು ಕೂಡಿಸುವವರೆಗೆ ಇದರಲ್ಲೇ ಕಲಿಯಿರಿ.

ಹಾಟ್ ಶೂ ಮೇಲೆ ಕೂರುವ ಒಂಟಿ ಫ್ಲ್ಯಾಶ್, ಸ್ಪೀಡ್‌ಲೈಟ್ ಅನ್ನುವುದು, ಐದನೆಯದು. ನನ್ನ ಶಿಫಾರಸು ಇದಕ್ಕೇ. ಮದುವೆ ಮನೆಯಲ್ಲೂ ಬರುತ್ತದೆ, ಚಗಳಿ ಇರುವೆಗೂ ಬರುತ್ತದೆ.

3. ಡಬ್ಬದ ಮೇಲೆ ಏನು ಓದಬೇಕು?

ದೊಡ್ಡಕ್ಷರದಲ್ಲಿರುವುದು ಗೈಡ್ ನಂಬರ್. ಫ್ಲ್ಯಾಶಿನ ಪೂರ್ಣ ಶಕ್ತಿಯನ್ನು ಹೇಳುವ ಅಂಕಿ ಅದು. ಐಎಸ್ಒ ಅಂದರೆ ಸೆನ್ಸಾರಿಗೆ ಬೆಳಕು ಎಷ್ಟು ಚುರುಕಾಗಿ ತಗುಲುತ್ತದೆ ಅನ್ನುವ ಅಳತೆ. ಐಎಸ್ಒ 100ರಲ್ಲಿ, ಆ ಅಂಕಿಯನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಎಷ್ಟು ಮೀಟರ್‌ವರೆಗೆ ಸಾಲುತ್ತದೆ ಎಂದು ಸಿಗುತ್ತದೆ. “60 ಇದೆ ಸಾರ್, ದೊಡ್ಡದು” ಎಂದು ನನಗೂ ಒಬ್ಬ ಅಂಗಡಿಯಾತ ಹೇಳಿದ್ದ. ಅದು ಫ್ಲ್ಯಾಶಿನ ತಲೆಯನ್ನು 200 ಎಂ.ಎಂ.ಗೆ ಜೂಮ್ ಮಾಡಿದಾಗಿನ, ಅಂದರೆ ಬೆಳಕನ್ನು ಕಿರಿದಾದ ಕಿರಣವಾಗಿ ಕೂಡಿಸಿದಾಗಿನ ಅಂಕಿ. ನಾವು ಆ ಜೂಮನ್ನು ಬಳಸುವುದೇ ಇಲ್ಲ.

ನಮಗೆ ಎಷ್ಟು ಬೇಕು? ಗೋಡಾಕ್ಸ್ ಟಿಟಿ350 ಎಂಬ ಪುಟ್ಟ ಫ್ಲ್ಯಾಶನ್ನೇ ತಗೊಳ್ಳಿ, ಗೈಡ್ ನಂಬರ್ 36. ಬೆಳಕು ಹದಿನಾರನೇ ಒಂದಾದರೆ ಅದು ಸಾಲುವ ದೂರ ನಾಲ್ಕನೇ ಒಂದಾಗುತ್ತದೆ, ಹಾಗಾಗಿ ಶಕ್ತಿಯನ್ನು 1/16ಕ್ಕೆ ಇಳಿಸಿದರೆ ಅಂಕಿಯೂ ನಾಲ್ಕನೇ ಒಂದಾಗಿ 9ಕ್ಕೆ ಬರುತ್ತದೆ. ಎಫ್/11ರಿಂದ ಭಾಗಿಸಿದರೆ ಸುಮಾರು 80 ಸೆಂ.ಮೀ. ಲೆನ್ಸ್ ತಿನ್ನುವ ಎರಡು ಸ್ಟಾಪ್, ಪರದೆ ತಿನ್ನುವ ಎರಡು ಸ್ಟಾಪ್ ಕಳೆದರೆ ಬೆಳಕು ಮತ್ತೆ ಹದಿನಾರನೇ ಒಂದು, ದೂರ ನಾಲ್ಕನೇ ಒಂದು, 20 ಸೆಂ.ಮೀ. ಉಳಿಯಿತು. ತಲೆಯ ಜೂಮನ್ನು ಅಗಲ ಮಾಡಿದರೆ ಇನ್ನಷ್ಟು ಇಳಿಯುತ್ತದೆ, ಅದನ್ನು ಐಎಸ್ಒ 200 ಅಥವಾ 400 ತುಂಬಿಕೊಡುತ್ತದೆ. ಹುಳ ಇರುವುದೇ ಅರ್ಧ ಗೇಣಿನಲ್ಲಿ! ಸಣ್ಣ ಫ್ಲ್ಯಾಶ್ ಹದಿನಾರರಲ್ಲಿ ಒಂದು ಪಾಲು ಶಕ್ತಿಯಲ್ಲಿ ಮುಗಿಸುವ ಕೆಲಸಕ್ಕೆ ದೊಡ್ಡದನ್ನು ಹೊರುವುದು ಯಾಕೆ?

ಶಕ್ತಿ ಇಳಿಸುವುದರಿಂದ ಇನ್ನೊಂದು ಲಾಭವಿದೆ. ಪೂರ್ಣ ಶಕ್ತಿಯಲ್ಲಿ ಸ್ಪೀಡ್‌ಲೈಟಿನ ಮಿಂಚು ಸೆಕೆಂಡಿನ ಮುನ್ನೂರರಲ್ಲೊಂದು ಪಾಲಿನ ಆಸುಪಾಸು ಉರಿಯುತ್ತದೆ. 1/16, 1/32ಕ್ಕೆ ಇಳಿಸಿದಂತೆ ಅದು ಕೆಲವು ಸಾವಿರದಲ್ಲೊಂದು ಪಾಲಿಗೆ ಮೊಟಕಾಗುತ್ತದೆ. ನಿಮ್ಮ ಕೈನಡುಕ, ಗಾಳಿಗೆ ತೂಗುವ ಎಲೆ, ಹುಳದ ಮೀಸೆಯ ಅಲುಗಾಟ ಎಲ್ಲವನ್ನೂ ನಿಲ್ಲಿಸುವುದು ಆ ಮೊಟಕು ಮಿಂಚು, ಶಟರ್ ವೇಗವಲ್ಲ.

ಆದ್ದರಿಂದ ನೀವು ನೋಡಬೇಕಾದ್ದು ಇಷ್ಟು: ಮ್ಯಾನುಯಲ್ ಆಗಿ ಕನಿಷ್ಠ 1/64ರವರೆಗೆ ಶಕ್ತಿ ಇಳಿಸಲು ಬರಬೇಕು, ತಲೆ ಮೇಲೆ ಕೆಳಗೆ ಬಗ್ಗಬೇಕು, ಹಗುರವಿರಬೇಕು, ಬ್ಯಾಟರಿ ನಿಮ್ಮೂರಲ್ಲಿ ಸಿಗುವಂಥದ್ದಿರಬೇಕು. ಟಿಟಿ350ಕ್ಕೆ ಎರಡು ಎಎ ಸೆಲ್ ಸಾಕು, ಟಿಟಿ685ಕ್ಕೆ ನಾಲ್ಕು ಬೇಕು. ಹೆಸರಿನ ಕೊನೆಯ ಅಕ್ಷರ ಮಾತ್ರ ತಪ್ಪಬೇಡಿ. ಕ್ಯಾನನ್‌ಗೆ ಸಿ, ನಿಕಾನ್‌ಗೆ ಎನ್, ಸೋನಿಗೆ ಎಸ್, ಫ್ಯೂಜಿಗೆ ಎಫ್. ಅಕ್ಷರ ತಪ್ಪಿದರೆ ಟಿಟಿಎಲ್ ಇಲ್ಲ, ಸೋನಿಯದ್ದಂತೂ ಬೇರೆ ಕ್ಯಾಮೆರಾದ ಶೂ ಮೇಲೆ ಸರಿಯಾಗಿ ಕೂರುವುದೂ ಇಲ್ಲ.

ಎಚ್ಚರಿಕೆ: ಮುಚ್ಚಿದ ಸ್ಟುಡಿಯೋದಿಂದ ಅಗ್ಗಕ್ಕೆ ಸಿಕ್ಕಿತೆಂದು ರೀಲ್ ಕಾಲದ ಹಳೆಯ ಫ್ಲ್ಯಾಶನ್ನು ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಬೇಡಿ. ಅವುಗಳಲ್ಲಿ ಕೆಲವು ಶೂ ಮೂಲಕ ನೂರಾರು ವೋಲ್ಟ್ ಕೊಡುತ್ತವೆ. ಕ್ಯಾಮೆರಾದ ಒಳಗಿನ ಸರ್ಕ್ಯೂಟ್ ಸುಟ್ಟುಹೋದೀತು.

4. ಪರದೆ ಕಟ್ಟುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಫ್ಲ್ಯಾಶಿನ ಗಾಜಿನ ಬಾಯಿ ಎರಡು ಬೆರಳಗಲ. ಅಲ್ಲಿಂದ ನೇರ ಬಂದ ಬೆಳಕು ಏಪ್ರಿಲ್ ಮಧ್ಯಾಹ್ನದ ಬಿಸಿಲಿನಂತೆ, ನೆರಳಿನ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ. ನಮಗೆ ಬೇಕಾದ್ದು ಆಗಸ್ಟ್ ತಿಂಗಳ ಮೋಡದ ಬೆಳಕು, ಇಡೀ ಆಕಾಶವೇ ದೀಪವಾಗಿ ನೆರಳಿಗೆ ಅಂಚೇ ಇಲ್ಲದಿರುವುದು. ಎಂಟು ಮಿಲಿಮೀಟರಿನ ಜೀರುಂಡೆಗೆ ಅಂಥ ಆಕಾಶ ಬೇಕೆಂದರೆ ಒಂದು ಅಂಗೈಯಗಲದ ಬಿಳಿ ಹಾಳೆಯನ್ನು ಅದರ ತಲೆಯ ಮೇಲೆ ನಾಲ್ಕು ಬೆರಳು ದೂರದಲ್ಲಿ ಹಿಡಿದರೆ ಸಾಕು. ಅದೇ ಹಾಳೆಯನ್ನು ಎರಡು ಗೇಣು ದೂರ ಸರಿಸಿದರೆ ಮತ್ತೆ ಚಿಕ್ಕ ದೀಪವಾಗುತ್ತದೆ. ಅಗಲವಿರಬೇಕು, ಹತ್ತಿರವಿರಬೇಕು, ಎರಡೂ.

ಬೇಕಾದ ಸಾಮಾನು: ಸ್ಟೇಷನರಿ ಅಂಗಡಿಯ ಹಾಲುಬಿಳಿ ಪ್ಲಾಸ್ಟಿಕ್ ಫೈಲ್ ಒಂದು, ಟಿ.ವಿ. ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ, ಒಂದಿಷ್ಟು ಟ್ರೇಸಿಂಗ್ ಪೇಪರ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಕರೆಂಟಿನವರು ಬಳಸುವ ಕಪ್ಪು ಟೇಪು, ಅಗಲ ರಬ್ಬರ್ ಬ್ಯಾಂಡ್.

ಫೈಲನ್ನು ಫ್ಲ್ಯಾಶಿನ ತಲೆಯಿಂದ ಶುರುವಾಗಿ ಮುಂದಕ್ಕೆ ಅಗಲವಾಗುವ ಮೊರದ ಆಕಾರಕ್ಕೆ ಬಗ್ಗಿಸಿ ಟೇಪು ಹಾಕಿ. ಅದರ ಬೆನ್ನಿಗೂ ಪಕ್ಕಗಳಿಗೂ ಒಳಗಡೆ ಫಾಯಿಲ್ ಅಂಟಿಸಿ, ಬೆಳಕು ಹಿಂದಕ್ಕೆ ಸೋರದೆ ಕೆಳಗೆ ಇಳಿಯಲಿ. ಬಾಯಿಗೆ ಟ್ರೇಸಿಂಗ್ ಪೇಪರ್ ಒಂದು ಪದರ. ಅದರಿಂದ ಮೂರು ನಾಲ್ಕು ಸೆಂ.ಮೀ. ಬಿಟ್ಟು ಫೋಮಿನ ಎರಡನೇ ಪದರ. ಈ ನಡುವಿನ ಖಾಲಿ ಜಾಗವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಎರಡು ಪದರ ಒಂದಕ್ಕೊಂದು ಅಂಟಿಕೊಂಡಿದ್ದರೆ ಬೆಳಕು ಕಡಿಮೆಯಾಗುತ್ತದೆ ಅಷ್ಟೆ, ಹರಡುವುದಿಲ್ಲ. ಮೊದಲ ಪದರದಲ್ಲಿ ಚದುರಿದ ಬೆಳಕಿಗೆ ಓಡಾಡಲು ಜಾಗ ಸಿಕ್ಕರೆ ಮಾತ್ರ ಎರಡನೆಯದು ಇಡಿಯಾಗಿ ಬೆಳಗುತ್ತದೆ. ಕಟ್ಟಿಯಾದ ಮೇಲೆ ಫ್ಲ್ಯಾಶಿನ ತಲೆಯ ಜೂಮನ್ನು 24 ಎಂ.ಎಂ.ಗೆ ಇಡಿ, ಇಲ್ಲವಾದರೆ ಪರದೆಯ ನಡುವೆ ಮಾತ್ರ ಬಿಳಿ ಬೊಟ್ಟು ಬೀಳುತ್ತದೆ. ಮೊರದ ತುದಿ ಲೆನ್ಸಿನ ತುದಿಗಿಂತ ಎರಡು ಬೆರಳು ಮುಂದಕ್ಕೆ ಚಾಚಿ, ತುಸು ಕೆಳಕ್ಕೆ ಬಾಗಿರಲಿ.

ಅಡಿಕೆ ಹಾಳೆಯಲ್ಲಿ ಮಾಡಬಹುದಾ ಅಂತ ಕೇಳುವವರಿದ್ದಾರೆ, ಮಲೆನಾಡಿನಲ್ಲಿ ಕೇಳದಿದ್ದರೇ ಆಶ್ಚರ್ಯ. ಮಾಡಿ ನೋಡಿದ್ದೇನೆ. ಹೊರಗಿನ ಚಿಪ್ಪಾಗಿ ಚೆನ್ನಾಗಿದೆ, ಹಗುರ, ಗಟ್ಟಿ, ಬಿದ್ದರೂ ಒಡೆಯುವುದಿಲ್ಲ. ಆದರೆ ಅದರ ಕಂದು ಬಣ್ಣ ಫೋಟೋಗೆ ಇಳಿಯುತ್ತದೆ, ಒಳಗೆ ಬಿಳಿ ಕಾಗದವನ್ನೋ ಫಾಯಿಲನ್ನೋ ಹಚ್ಚಲೇಬೇಕು. ಮಳೆಗಾಲದಲ್ಲಿ ನೆನೆದು ಸೊಟ್ಟಗಾಗಿ ಬೂಷ್ಟು ಹಿಡಿಯುತ್ತದೆ. ಜನವರಿಯಿಂದ ಮೇ ತನಕ ಸರಿ.

5. ಗುಲಗಂಜಿಯ ಪರೀಕ್ಷೆ

ಕಾಡಿಗೆ ಹೊರಡುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ಇದಕ್ಕೆ ಗುಲಗಂಜಿಗಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ಗಾತ್ರ ಹುಳದ್ದೇ, ಆಕಾರ ಗುಂಡು, ಮೈ ಅರಗಿನಂತೆ ಹೊಳಪು, ಒಂದು ಕಡೆ ಕೆಂಪು ಒಂದು ಕಡೆ ಕಪ್ಪು. ಕೆಂಪು ಜೀರುಂಡೆಗೆ ಗುಲಗಂಜಿ ಹುಳ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಇದನ್ನು ಅಗಿದರೆ ಭಾರೀ ವಿಷ, ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದ ತಕ್ಷಣ ಎತ್ತಿಡಿ.

ಹಸಿರು ಎಲೆಯ ಮೇಲೆ ಒಂದು ಕಾಳಿಟ್ಟು ಮೂರು ಫೋಟೋ ತೆಗೆಯಿರಿ. ಪರದೆ ಇಲ್ಲದೆ ಒಂದು. ಕೆಲವು ಫ್ಲ್ಯಾಶ್ ಜೊತೆ ಬರುವ ಪುಟ್ಟ ಬಿಳಿ ಟೊಪ್ಪಿ ಹಾಕಿ ಒಂದು. ನೀವು ಕಟ್ಟಿದ ಪರದೆಯಲ್ಲಿ ಒಂದು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕೆಂಪು ಭಾಗವನ್ನೇ ನೋಡಿ. ಮೊದಲನೆಯದರಲ್ಲಿ ಸೂಜಿ ಚುಚ್ಚಿದಂಥ ಬಿಳಿ ಚುಕ್ಕಿ, ಅದರ ಸುತ್ತ ಕೆಂಪು ಇದ್ದಕ್ಕಿದ್ದಂತೆ ಮುಗಿದು ಎಲೆಯ ಮೇಲೆ ಮಸಿಯಂಥ ನೆರಳು. ಎರಡನೆಯದರಲ್ಲಿ ಚುಕ್ಕಿ ತುಸು ದಪ್ಪಗಿನ ಚೌಕ, ಅಷ್ಟೇ. ಮೂರನೆಯದು ಸರಿಯಾಗಿದ್ದರೆ ಕಾಳಿನ ಮೇಲ್ಭಾಗದಲ್ಲಿ ಅಗಲವಾದ ನಸುಬಿಳಿ ಹೊಳಪು ಹರಡಿರುತ್ತದೆ, ಆ ಹೊಳಪಿನ ಒಳಗೂ ಕೆಂಪು ಬಣ್ಣ ಕಾಣಿಸುತ್ತಿರುತ್ತದೆ, ಅಂಚು ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು.

ಹೊಳಪಿನ ನಡುವೆ ಇನ್ನೂ ಗಟ್ಟಿ ಬಿಳಿ ಬೊಟ್ಟಿದೆಯೇ? ಪದರಗಳ ನಡುವಿನ ಅಂತರ ಹೆಚ್ಚಿಸಿ, ಅಥವಾ ನಡುವಿಗೆ ಮಾತ್ರ ಟ್ರೇಸಿಂಗ್ ಪೇಪರಿನ ಸಣ್ಣ ತುಂಡು ಇನ್ನೊಂದು ಅಂಟಿಸಿ. ಕಾಳಿನ ಹೊಟ್ಟೆಯ ಭಾಗ ಕಪ್ಪಾಗಿದೆಯೇ? ಲೆನ್ಸಿನ ಕೆಳಗೆ ಒಂದು ಬಿಳಿ ಕಾರ್ಡು ಕಟ್ಟಿದರೆ ಬೆಳಕು ಕೆಳಗಿನಿಂದ ಪುಟಿಯುತ್ತದೆ. ಕಪ್ಪು ಭಾಗದಲ್ಲಿ ಹೊಳಪೇ ಇಲ್ಲವೇ? ಪರದೆ ಸಾಕಷ್ಟು ಮುಂದಕ್ಕೆ ಬಂದಿಲ್ಲ. ಈ ಮೂರನ್ನೂ ಮನೆಯಲ್ಲಿ ಸರಿಮಾಡಿಕೊಂಡವರಿಗೆ ಬಂಗಾರದ ಬಣ್ಣದ ಆಮೆ ಜೀರುಂಡೆಯೂ ತೊಂದರೆ ಕೊಡುವುದಿಲ್ಲ.

6. ಸೆಟ್ಟಿಂಗ್

ಕ್ಯಾಮೆರಾ ಮ್ಯಾನುಯಲ್‌ನಲ್ಲಿ. ಶಟರ್ 1/160, ಅಪರ್ಚರ್ ಎಫ್/11, ಐಎಸ್ಒ 200, ಫ್ಲ್ಯಾಶ್ ಮ್ಯಾನುಯಲ್‌ನಲ್ಲಿ 1/16. ಫೋಟೋ ಕಪ್ಪಾದರೆ ಫ್ಲ್ಯಾಶ್ ಶಕ್ತಿ 1/8, ಬೆಳ್ಳಗಾದರೆ 1/32. ಬೇರೇನೂ ಮುಟ್ಟಬೇಡಿ. ಹುಳಕ್ಕೂ ನಿಮಗೂ ಇರುವ ದೂರ ಹೆಚ್ಚು ಬದಲಾಗದ ಕಾರಣ ಒಮ್ಮೆ ಕೂಡಿಬಂದ ಅಳತೆ ದಿನವಿಡೀ ನಡೆಯುತ್ತದೆ. ಟಿಟಿಎಲ್ ಕಪ್ಪು ಇರುವೆಯನ್ನು ಕಂಡರೆ ಬೆಳಕು ಸುರಿಯುತ್ತದೆ, ಬಿಳಿ ಪತಂಗ ಕಂಡರೆ ಜಿಪುಣವಾಗುತ್ತದೆ. ಸಣ್ಣ ಹುಳಕ್ಕೆ ನನಗೆ ಮ್ಯಾನುಯಲ್ಲೇ ಹಿತ.

ಎಫ್/16 ದಾಟಬೇಡಿ. ಪೂರ್ತಿ ಚೂಪಾಗಲಿ ಅಂತ ಎಫ್/22ಕ್ಕೆ ಹೋದರೆ ಬೆಳಕು ಕಿರಿದಾದ ಕಿಂಡಿಯಲ್ಲಿ ಬಾಗಿ ಇಡೀ ಚಿತ್ರವೇ ಮಬ್ಬಾಗುತ್ತದೆ. ಸಿಂಕ್ ವೇಗ ಮೀರಿಯೂ ಫ್ಲ್ಯಾಶ್ ಬಳಸಲು ಕೊಟ್ಟಿರುವ ಹೈ ಸ್ಪೀಡ್ ಸಿಂಕ್ ಎಂಬ ಗುಂಡಿಯನ್ನೂ ಒತ್ತಬೇಡಿ. ಅದು ಫ್ಲ್ಯಾಶಿನ ಶಕ್ತಿಯನ್ನು ತಿನ್ನುತ್ತದೆ, ಮೊಟಕು ಮಿಂಚಿನ ಲಾಭವನ್ನೂ ಕಳೆಯುತ್ತದೆ. ಬಿಸಿಲಿನಲ್ಲಿ ಹುಳಕ್ಕೆ ಎರಡು ಅಂಚು ಮೂಡಿದಂತೆ ಕಂಡರೆ ಬಿಸಿಲೂ ಫ್ಲ್ಯಾಶೂ ಒಟ್ಟಿಗೆ ಚಿತ್ರ ಬರೆಯುತ್ತಿವೆ ಎಂದರ್ಥ. ಜೊತೆಗಿರುವವರಿಗೆ ಕೊಡೆ ಹಿಡಿಯಲು ಹೇಳಿ.

7. ಹಿಂದೆಲ್ಲಾ ಕಪ್ಪು ಬರುತ್ತಿದೆಯೇ?

ಹಗಲಲ್ಲಿ ತೆಗೆದದ್ದೂ ಅಮಾವಾಸ್ಯೆ ರಾತ್ರಿಯಂತೆ ಕಾಣುವುದಕ್ಕೆ ಕಾರಣ ಬೆಳಕಿನ ಇಳಿತ. ಪರದೆಯಿಂದ ಹುಳ 10 ಸೆಂ.ಮೀ., ಹಿಂದಿನ ಎಲೆ 40 ಸೆಂ.ಮೀ. ಇದ್ದರೆ ದೂರ ನಾಲ್ಕು ಪಟ್ಟು. ಎಲೆಗೆ ಸಿಗುವ ಬೆಳಕು ಹೆಚ್ಚುಕಡಿಮೆ ಹದಿನಾರನೇ ಒಂದು ಪಾಲು, ನಾಲ್ಕು ಸ್ಟಾಪ್ ಕಡಿಮೆ. ಆ ಎಲೆಯ ಹಿಂದಿರುವ ಕಾಡಿಗೆ ಏನೂ ಸಿಗುವುದಿಲ್ಲ. ಇದಕ್ಕೆ ದೊಡ್ಡ ಫ್ಲ್ಯಾಶ್ ಮದ್ದಲ್ಲ, ಎಷ್ಟು ದೊಡ್ಡದಾದರೂ ಪಾಲು ಅಷ್ಟೇ. ಸುಲಭದ ದಾರಿ, ಹುಳದ ಹಿಂದೆ ಹತ್ತಿರದಲ್ಲೇ ಎಲೆ ಇರುವ ಕೋನ ಹುಡುಕುವುದು. ಇಲ್ಲವಾದರೆ ಬಿದ್ದ ಒಂದು ಎಲೆಯನ್ನು ಎಡಗೈಯಲ್ಲಿ ಹಿಂದೆ ಹಿಡಿಯುವುದು. ಮೂರನೆಯದು, ಐಎಸ್ಒ 800ಕ್ಕೆ ಏರಿಸಿ ಶಟರನ್ನು 1/60ಕ್ಕೆ ಇಳಿಸಿ ಕಾಡಿನ ಬೆಳಕನ್ನೂ ತುಸು ಒಳಗೆ ಬಿಟ್ಟುಕೊಳ್ಳುವುದು, ಫ್ಲ್ಯಾಶ್ ಶಕ್ತಿಯನ್ನು ಅದಕ್ಕೆ ತಕ್ಕಂತೆ ಎರಡು ಸ್ಟಾಪ್ ತಗ್ಗಿಸುವುದು. ಗಾಳಿ ಇದ್ದರೆ ಮೂರನೆಯದು ಬೇಡ.

8. ಹೊರಟ ಮೇಲೆ

ಶೆಟ್ಟಿಹಳ್ಳಿ, ಶರಾವತಿ ಕಣಿವೆ ಇವೆಲ್ಲ ಅಭಯಾರಣ್ಯಗಳು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕ್ಯಾಮೆರಾ ಹಿಡಿದು ರಾತ್ರಿ ಒಳಗೆ ಹೋಗಬೇಡಿ. ಕಲಿಯುವುದಕ್ಕೆ ಹಿತ್ತಲು, ತೋಟದ ಬೇಲಿ, ಗದ್ದೆ ಬದು ಬೇಕಾದಷ್ಟಾಯಿತು. ಮುಂಜಾನೆ ಇಬ್ಬನಿಯಲ್ಲಿ ಏರೋಪ್ಲೇನ್ ಚಿಟ್ಟೆಗಳು ಮರಗಟ್ಟಿ ಕೂತಿರುತ್ತವೆ, ಹತ್ತಿರ ಹೋಗಲು ಅದೇ ಹೊತ್ತು. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಪರು ಮಾಡಿ ತೆಗೆಯುವ ಚಾಳಿ ಬೇಡವೇ ಬೇಡ. ಮಿಂಚುಹುಳಕ್ಕೆ ಫ್ಲ್ಯಾಶ್ ಹೊಡೆದರೆ ಅದರ ಬೆಳಕೇ ಚಿತ್ರದಲ್ಲಿ ಉಳಿಯುವುದಿಲ್ಲ, ಆ ಸಂಜೆ ಫ್ಲ್ಯಾಶ್ ಮನೆಯಲ್ಲಿರಲಿ.

ರಾತ್ರಿಗೆ ತಲೆಗೆ ಕಟ್ಟುವ ಟಾರ್ಚ್ ಬೇಕು, ಫೋಕಸ್ ಮಾಡಲಿಕ್ಕೂ, ಕೈ ಇಡುವ ಜಾಗ ನೋಡಲಿಕ್ಕೂ. ಕ್ಯಾಮೆರಾ ಕಿಂಡಿಯಲ್ಲಿ ಕಣ್ಣಿಟ್ಟವನಿಗೆ ಪಕ್ಕದ ಕೊಂಬೆಯ ಮೇಲೆ ಸುತ್ತಿಕೊಂಡ ಗುಳಿಮಂಡಲ ಹಾವು ಕಾಣುವುದಿಲ್ಲ. ಉಂಬಳದ ವಿಷಯ ನಿಮಗೆ ಗೊತ್ತಿದ್ದದ್ದೇ. ಸುಣ್ಣ, ಹೊಗೆಸೊಪ್ಪು ಹಚ್ಚಿದ ಕೈಯಲ್ಲಿ ಲೆನ್ಸ್ ಮುಟ್ಟಬೇಡಿ, ಹುಳವನ್ನೂ.

ಚಾರ್ಜ್ ಆಗುವ ಎಎ ಸೆಲ್ ಎರಡು ಜೊತೆ ಇರಲಿ. ಹಳೆಯದು ಹೊಸದು ಬೆರೆಸಬೇಡಿ. ಒಂದು ಫೋಟೋ ಆದ ಮೇಲೆ ಫ್ಲ್ಯಾಶ್ ಮತ್ತೆ ಸಿದ್ಧವಾಗಲು ನಾಲ್ಕೈದು ಸೆಕೆಂಡ್ ತಗೊಳ್ಳುತ್ತಿದ್ದರೆ ಸೆಲ್ ಮುಗಿಯಿತೆಂದು ತಿಳಿಯಿರಿ.

9. ಮನೆಗೆ ಬಂದ ಮೇಲೆ

ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆ ಕಡೆಯವರಿಗೆ ಫ್ಲ್ಯಾಶಿಗಿಂತ ಮೊದಲು ಕೊಳ್ಳಬೇಕಾದ್ದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ. ತಳಕ್ಕೆ ಸಿಲಿಕಾ ಜೆಲ್, ಒಳಗೊಂದು ತೇವಮಾಪಕ. ಮುಳ್ಳು ನಲವತ್ತರಿಂದ ಐವತ್ತರ ನಡುವೆ ನಿಲ್ಲಬೇಕು. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಬಹುದು, ಆ ಬಾಣಲೆ ಅಡುಗೆಗೆ ಬೇಡ. ಬೆಚ್ಚಗಿರುತ್ತದೆಂದು ಬಚ್ಚಲೊಲೆ ಹತ್ತಿರ ಕ್ಯಾಮೆರಾ ಇಡುವವರಿದ್ದಾರೆ. ಹೊಗೆ ಲೆನ್ಸಿನ ಮೇಲೆ ಜಿಡ್ಡಾಗಿ ಕೂರುತ್ತದೆ, ಹಾಗೆ ಮಾಡಬೇಡಿ.

ಒದ್ದೆಯಾದ ಫೋಮನ್ನು ಡಬ್ಬಿಯೊಳಗೆ ಇಡಬಾರದು, ಅದು ಹೊರಗೆ ದಾರದ ಮೇಲೆ ಒಣಗಲಿ. ಫೋಮು ಹಳದಿಗಟ್ಟಿದರೆ ಬದಲಿಸಿ, ಇಲ್ಲವಾದರೆ ಬಿಳಿ ಪತಂಗವೆಲ್ಲ ಕೆನೆಬಣ್ಣಕ್ಕೆ ತಿರುಗುತ್ತದೆ. ಫ್ಲ್ಯಾಶಿನ ಸೆಲ್‌ಗಳನ್ನು ಅವತ್ತು ರಾತ್ರಿಯೇ ತೆಗೆದಿಡಿ, ನಾಳೆ ಬೆಳಿಗ್ಗೆ ಹೇಗೂ ಮತ್ತೆ ಹೋಗುವುದಿದೆ ಅನ್ನಿಸಿದರೂ.